ಇಪ್ಪತ್ತಕ್ಕೇನೂ ಮೋಸವಿಲ್ಲ

ಅಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ, ನಿವೃತ್ತ ಗುಮಾಸ್ತರು ಮೂರನೆಯ ಸಲ ಅದೇ ಕನ್ನಡಕವನ್ನು ಹಿಡಿದುಕೊಂಡು ಬಂದು ಗಾಜಿನ ಮೇಜಿನ ಮುಂದೆ ನಿಂತರು. "ನಡೆಯೋವಾಗ ನೆಲ ಒಂದು ಕಡೆ ಏರಿದ ಹಾಗೆ ಕಾಣತ್ತೆ ಮೇಷ್ಟ್ರೇ," ಎಂದರು, ತಪ್ಪು ತಮ್ಮದೇ ಇರಬಹುದು ಎನ್ನುವಂಥ ದನಿಯಲ್ಲಿ. ಅವನು ಮೇಷ್ಟ್ರಲ್ಲ. ಕನ್ನಡಕ ಮಾಡಿಕೊಡುವವನು. ಗಿರಾಕಿಗಳಿಗೆಲ್ಲ ಕಣ್ಣಿನ ವಿಚಾರವಾಗಿ ಪಾಠ ಹೇಳುವ ಚಟವಿದ್ದುದರಿಂದ ಬೀದಿಯವರು ಹಾಗೆ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವನು ಈವರೆಗೂ ಬಿಡಿಸಿ ನೋಡಲು ಹೋಗಿರಲಿಲ್ಲ. ಕನ್ನಡಕವನ್ನು ಬೆಳಕಿಗೆ ಹಿಡಿದು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿ, ಬಹಳ ಪರೀಕ್ಷಿಸುವವನ ಹಾಗೆ ಹುಬ್ಬು ಗಂಟಿಕ್ಕಿದ. ಎಡಗಣ್ಣಿನ ಗಾಜು ಹತ್ತು ಡಿಗ್ರಿಯಷ್ಟು ತಿರುಗಿ ಕೂತಿದೆ ಎಂಬುದು ಅವನಿಗೆ ಮೊದಲನೆಯ ದಿನವೇ ಗೊತ್ತಿತ್ತು. ಸಾಣೆ ಹಿಡಿಯುವಾಗ ಮನಸ್ಸು ಎಲ್ಲೋ ಇತ್ತು, ಹೊಸ ಗಾಜು ತರಿಸಬೇಕಾದರೆ ನಾಲ್ಕು ದಿನ, ಅಲ್ಲದೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಎರಡು ಸಲವೂ "ಕಣ್ಣಿಗೆ ಅಭ್ಯಾಸ ಆಗ್ಬೇಕು" ಎಂದು ಸಾಗಹಾಕಿದ್ದ. ಇವತ್ತು ಹೇಳಿಬಿಡೋಣ ಎಂದುಕೊಂಡ. ಬಾಯಿ ತೆರೆದಾಗ ಬಂದದ್ದು, "ಇನ್ನೊಂದು ವಾರ ಹಾಕ್ಕೊಂಡು ನೋಡಿ. ನಿಮ್ಮ ವಯಸ್ಸಿಗೆ ಸ್ವಲ್ಪ ನಿಧಾನ ಆಗತ್ತೆ." ಗುಮಾಸ್ತರು ತಲೆಯಾಡಿಸಿ ಕನ್ನಡಕ ಹಾಕಿಕೊಂಡು ಹೊರಟರು. ಅವರು ಅಂಗಡಿಯ ಗೋಡೆ ಮುಗಿಯುವ ತನಕ ಒಂದು ಕೈಯಿಂದ ಅದನ್ನು ಸವರಿಕೊಂಡೇ ಹೋದದ್ದನ್ನು ಅವನು ನೋಡಿದ. ಇವತ್ತು ಇದೊಂದಕ್ಕೆ ತಲೆ ಕೆಡಿಸಿಕೊಳ್ಳಲು ಪುರುಸೊತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹನ್ನೊಂದಕ್ಕೆ ಆಸ್ಪತ್ರೆಯಲ್ಲಿರಬೇಕಿತ್ತು.

ಮನೆ ಅಂಗಡಿಯಿಂದ ಎರಡು ಬೀದಿ ಆಚೆ, ಮೂರನೆಯ ಮಹಡಿಯಲ್ಲಿ. ಹೆಂಡತಿ ಆಗಲೇ ಸಿದ್ಧಳಾಗಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದಳು. ಬಸ್ಸಿಗೆ ಕಾದು ಕೂತವರ ಹಾಗೆ. "ತಡ ಆಯ್ತಾ?" ಎಂದು ಅವನು ಕೇಳಿದ. "ಇಲ್ಲ, ನಾನೇ ಬೇಗ ಹೊರಟೆ. ಚಪ್ಪಲಿ ಹಾಕ್ಕೊಳ್ಳೋಕೇ ಕಾಲು ಗಂಟೆ ಬೇಕಲ್ಲ ಈಗ," ಎಂದು ನಕ್ಕಳು. ನಗುವಿನ ನಡುವೆ ಉಸಿರು ತುಂಡಾಗಿ, ಉಳಿದ ನಗುವನ್ನು ಆಮೇಲೆ ಮುಗಿಸಿದಳು. ಅವಳ ದನಿ ಒಂದು ಕಾಲಕ್ಕೆ ಅವಳ ಕಸುಬಾಗಿತ್ತು. ದೊಡ್ಡ ಹೋಟೆಲೊಂದರ ಟೆಲಿಫೋನ್ ಆಪರೇಟರ್, ಹದಿನೇಳು ವರ್ಷ "ನಮಸ್ಕಾರ, ಯಾರು ಬೇಕಿತ್ತು?" ಎಂದವಳು. ಆ ದನಿಯಲ್ಲೇ ಅವನು ಅವಳನ್ನು ಮೊದಲು ಕಂಡದ್ದು, ಹೋಟೆಲಿನ ಯಜಮಾನರ ಕನ್ನಡಕ ಸಿದ್ಧವಾಗಿದೆ ಎಂದು ತಿಳಿಸಲು ಫೋನು ಮಾಡಿದಾಗ. ಹೋದ ವರ್ಷ ಮ್ಯಾನೇಜರು ಅವಳನ್ನು ಕರೆದು, ಫೋನಿನಲ್ಲಿ ನೀವು ಏದುಸಿರು ಬಿಡುವುದು ಅತಿಥಿಗಳಿಗೆ ಕೇಳಿಸುತ್ತದಂತೆ, ಒಬ್ಬರು ಬೇರೆ ಏನೋ ತಿಳಿದುಕೊಂಡು ಅಸಹ್ಯವಾಗಿ ಮಾತಾಡಿದರಂತೆ, ಎಂದು ಹೇಳಿ, ಹಾಸಿಗೆ ಬಟ್ಟೆಗಳನ್ನು ಎಣಿಸಿಡುವ ಕೋಣೆಗೆ ಹಾಕಿದ. ಅವಳು ಮನೆಗೆ ಬಂದು ಅದನ್ನು ತಮಾಷೆಯ ಹಾಗೆ ಹೇಳಿದ್ದಳು. ಅವನೂ ನಕ್ಕಿದ್ದ. ಆಗಲಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದಿತ್ತು. "ರಕ್ತ ಕಡಿಮೆಯಾಗಿರಬೇಕು, ಟಾನಿಕ್ ತರ್ತೀನಿ," ಎಂದಿದ್ದ. ತಂದಿದ್ದ ಕೂಡ. ಕೆಂಪು ಬಾಟಲಿ, ಎರಡು. ಈಗ ಮೆಟ್ಟಿಲಿಳಿಯುತ್ತ ಅವಳು ಕಟಕಟೆಯನ್ನು ಹಿಡಿದುಕೊಂಡು, "ಇಳಿಯೋದು ಪರವಾಗಿಲ್ಲ ರೀ, ಇಳಿಯೋದರಲ್ಲಿ ನಾನು ಇನ್ನೂ ಗಟ್ಟಿ," ಎಂದಳು. ಕೆಳಗಿನ ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಇಣುಕಿ ನೋಡಿ, ನೋಡಿದ್ದು ತಪ್ಪಾಯಿತೇನೋ ಎಂಬಂತೆ ಮತ್ತೆ ತುಳಿಯತೊಡಗಿದ.

ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನೀಲಿ ಕುರ್ಚಿಗಳ ಸಾಲು. ಹನ್ನೆರಡು ವರ್ಷಗಳ ಹಿಂದೆ ಇಲ್ಲಿ ಮರದ ಬೆಂಚುಗಳಿದ್ದವು. ಗೋಡೆಯ ಬಣ್ಣ ಬೇರೆ. ಕಾರಿಡಾರು ಮಾತ್ರ ಅದೇ. ಅದರ ಕೊನೆಯಲ್ಲಿ ಕೈತೊಳೆಯುವ ಬೇಸಿನ್ನು. ಅದರ ಕಡೆ ನೋಡಬಾರದೆಂದು ಅವನು ಎದುರಿಗೆ ಕೂತವರನ್ನು ನೋಡತೊಡಗಿದ, ಯಾರ ಕನ್ನಡಕ ಮೂಗಿನ ಮೇಲೆ ಸರಿಯಾಗಿ ಕೂತಿದೆ, ಯಾರದು ಕಿವಿಯ ಹಿಂದೆ ಒತ್ತುತ್ತಿದೆ ಎಂದು. ಆ ಬೇಸಿನ್ನಿನ ಮುಂದೆ ಹಿರಿಯ ಸರ್ಜನ್ನು ಮೊಣಕೈಯ ತನಕ ಸೋಪು ಹಚ್ಚಿಕೊಳ್ಳುತ್ತ ಕನ್ನಡಿಯಲ್ಲೇ ಅವನನ್ನು ನೋಡಿ ಮಾತಾಡಿದ್ದರು. ಹೃದಯಕ್ಕೆ ಲೋಹದ ಕವಾಟ ಹಾಕಿದರೆ ಸಾಯುವ ತನಕ ಬರುತ್ತದೆ. ಆದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ದಿನಾ ನುಂಗಬೇಕು, ಮಾತ್ರೆ ನುಂಗುತ್ತ ಬಸುರಾದರೆ ಕೂಸಿಗೂ ಅಪಾಯ, ತಾಯಿಗೂ ಅಪಾಯ. ಪ್ರಾಣಿಯ ಅಂಗಾಂಶದ್ದು ಹಾಕಿದರೆ ಆ ಮಾತ್ರೆಯ ಕಾಟವಿಲ್ಲ, ಮಕ್ಕಳು ಬೇಕೆನ್ನುವವರು ಅದನ್ನೇ ಕೇಳುತ್ತಾರೆ. ಆದರೆ ಅದು ಸವೆಯುತ್ತದೆ. "ವಯಸ್ಸಾದವರಲ್ಲಿ ಹದಿನೈದು, ಇಪ್ಪತ್ತು ವರ್ಷ ಬಂದದ್ದೂ ಉಂಟು. ನಿಮ್ಮ ಮನೆಯವರಿಗೆ ಇಪ್ಪತ್ತೊಂಬತ್ತು. ಈ ವಯಸ್ಸಲ್ಲಿ ಬೇಗ ಸುಣ್ಣಗಟ್ಟತ್ತೆ. ಎಂಟು, ಹತ್ತು ಅಂತ ಇಟ್ಕೊಳ್ಳಿ. ಆಮೇಲೆ ಇನ್ನೊಂದು ಸಲ ಎದೆ ತೆರೀಬೇಕಾಗತ್ತೆ. ಅವರಿಗೆ ಈಗ ಮಾತಾಡಿದರೆ ಆಯಾಸ, ನೀವೇ ಸಮಾಧಾನವಾಗಿ ತಿಳಿಸಿ ಹೇಳಿ. ನಿರ್ಧಾರ ಅವರದಿರಲಿ," ಎಂದಿದ್ದರು. ನಿರ್ಧಾರ ಅವರದಿರಲಿ. ಕಾರಿಡಾರು ದಾಟಿ ವಾರ್ಡಿನ ಬಾಗಿಲಿಗೆ ಬರಲು ಇಪ್ಪತ್ತಾರು ಹೆಜ್ಜೆ. ಅಷ್ಟರಲ್ಲೇ ಅವನೊಳಗೆ ಏನೋ ಮಾತು ಬದಲಾಯಿಸಿತ್ತು. ಅವಳು ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಒರಗಿದ್ದವಳು, ಒಂದು ಸವೆಯುತ್ತದೆ ಇನ್ನೊಂದು ಸವೆಯುವುದಿಲ್ಲ ಎಂಬಷ್ಟನ್ನು ಅವನಿಂದ ಕೇಳಿ, "ನನಗೆ ಲೋಹದ್ದೇ ಇರಲಿ ಅನ್ಸತ್ತೆ. ಮತ್ತೆ ಮತ್ತೆ ಕೊಯ್ಯಿಸಿಕೊಳ್ಳೋ ಧೈರ್ಯ ನನಗಿಲ್ಲ," ಎಂದಳು. "ಮಕ್ಕಳು?" ಎಂದು ಅವನು ಕೇಳಿದ. ಅವಳು ಮೂಗಿನ ಕೊಳವೆಯನ್ನು ಸರಿಮಾಡಿಕೊಂಡಳು. ಆಗ ಅವನು ಅವಳ ಕಾಲ ಮೇಲಿನ ಹೊದಿಕೆಯನ್ನು ಸರಿಮಾಡುತ್ತ ಅಂದುಬಿಟ್ಟ: "ಇನ್ನೊಂದು ಥರದ್ದೂ ಏನು ಕಡಿಮೆ ಇಲ್ಲ. ಇಪ್ಪತ್ತಕ್ಕೇನೂ ಮೋಸವಿಲ್ಲವಂತೆ. ಡಾಕ್ಟರೇ ಹೇಳಿದ್ರು."

ಅಷ್ಟೇ. ಒಂದು ಸಂಖ್ಯೆ. ಅದನ್ನು ಅವನು ಹುಟ್ಟಿಸಿದ್ದೂ ಅಲ್ಲ, ಸರ್ಜನ್ನರ ಬಾಯಲ್ಲೇ ಬಂದದ್ದು. ಬೇರೆಯವರ ವಿಷಯದಲ್ಲಿ ಬಂದದ್ದನ್ನು ಅವಳ ವಿಷಯಕ್ಕೆ ಎತ್ತಿಟ್ಟ, ಅಷ್ಟೇ ತಾನೇ, ಎಂದು ಎಷ್ಟೋ ಸಲ ಅವನು ತನ್ನ ಪರವಾಗಿ ತಾನೇ ವಾದ ಮಾಡಿ ಗೆದ್ದಿದ್ದ. ಗೆದ್ದ ಸಂತೋಷ ಮಾತ್ರ ಯಾವತ್ತೂ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಉಳಿದಿರಲಿಲ್ಲ. ಮಗು ಆಯಿತೇ? ಮೂರನೆಯ ವರ್ಷ ಬಸುರಾಗಿ ಐದನೆಯ ತಿಂಗಳಲ್ಲಿ ಹೋಯಿತು. ಅದರ ಮರುವರ್ಷ ಇನ್ನೊಂದು, ಹೆಸರಿಡುವಷ್ಟೂ ಅಲ್ಲ, ರಕ್ತವಾದ ಬಟ್ಟೆ ತೊಳೆಯುವಷ್ಟು. ಆಮೇಲೆ ಇಲ್ಲ. ಒಳಕೋಣೆಯಲ್ಲಿ ತೊಟ್ಟಿಲಿಗೆಂದು ಖಾಲಿ ಬಿಟ್ಟ ಮೂಲೆಯಲ್ಲಿ ಅವನು ಹಳೆಯ ಫ್ರೇಮುಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದಿಟ್ಟ. ಅವಳು ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದಳು. ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ, "ಚೆನ್ನಾಗಿದೆ, ಮುಂದಿನ ವರ್ಷ ಬನ್ನಿ." ಇಷ್ಟು ವರ್ಷ ಎಂದು ಯಾರೂ ಅವಳೆದುರಿಗೆ ಎಣಿಸಲಿಲ್ಲ. ಎಂಟನೆಯ ವರ್ಷ ತುಂಬಿದಾಗ ಅವನು ಒಳಗೊಳಗೇ ಬೆವರಿದ. ಹತ್ತನೆಯದು ತುಂಬಿದ ಮೇಲೆ ಪರೀಕ್ಷೆಗೆ ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿದ. ಅಂಗಡಿ ಬದಲಾಯಿಸುವ ಗಲಾಟೆ, ಗುರುತಿನ ಡಾಕ್ಟರು ರಜೆಯ ಮೇಲಿದ್ದಾರೆ, ಮಳೆ, ಜ್ವರ. ಅವಳೂ ಒತ್ತಾಯ ಮಾಡಲಿಲ್ಲ. ಯಾಕೆ ಮಾಡಬೇಕು? ಅವಳ ಲೆಕ್ಕದಲ್ಲಿ ಇನ್ನೂ ಹತ್ತು ವರ್ಷ ಬಾಕಿಯಿತ್ತು.

"ಪೇಷಂಟ್ ಕಡೆಯವರು ಯಾರು?" ಎಂದು ನರ್ಸು ಕೂಗಿದಳು. ಅವನು ಎದ್ದ ರಭಸಕ್ಕೆ ಜೇಬಿನಲ್ಲಿದ್ದ ಸಣ್ಣ ಸ್ಕ್ರೂ ಡ್ರೈವರು ನೆಲಕ್ಕೆ ಬಿದ್ದು ಉರುಳಿ ಕುರ್ಚಿಯ ಸಾಲಿನ ಅಡಿಗೆ ಹೋಯಿತು. ಅದನ್ನು ಹೆಕ್ಕಲು ಮಂಡಿಯೂರಿದಾಗ ನರ್ಸು, "ಆಮೇಲೆ ಹುಡುಕ್ಕೊಳ್ಳಿ, ಡಾಕ್ಟರ್ ಕಾಯ್ತಿದ್ದಾರೆ," ಎಂದು ಗದರಿದಳು. ಹೆಂಡತಿ ಅಷ್ಟರಲ್ಲಿ ತಾನೇ ಎದ್ದು ನಡೆಯತೊಡಗಿದ್ದಳು.

ಹಳೆಯ ಸರ್ಜನ್ನು ಈಗಿಲ್ಲ. ಮೇಜಿನ ಆಚೆ ಕೂತಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕವಳು, ದಪ್ಪ ಗಾಜಿನ ಕನ್ನಡಕ. ಆ ಪವರಿಗೆ ಅಷ್ಟು ದೊಡ್ಡ ಫ್ರೇಮು ಕೊಡಬಾರದಿತ್ತು ಎಂದು ಅವನಿಗೆ ಅನ್ನಿಸಿತು. ಇಂಥ ಹೊತ್ತಿನಲ್ಲೂ ಅನ್ನಿಸಿತಲ್ಲ ಎಂದು ನಾಚಿಕೆಯಾಯಿತು. ಅವಳ ಮುಂದೆ ಹೋದ ವಾರದ ಪರೀಕ್ಷೆಯ ಚಿತ್ರಗಳು, ಪಕ್ಕದಲ್ಲಿ ಅಂಚು ಹಳದಿಗಟ್ಟಿದ ಒಂದು ಫೈಲು. ಡಾಕ್ಟರಮ್ಮ ಅವನನ್ನು ಬಿಟ್ಟು ಅವನ ಹೆಂಡತಿಯನ್ನೇ ನೋಡಿ ಮಾತಾಡಿದಳು. ಅದು ಅವನಿಗೆ ಹಿಡಿಸಲಿಲ್ಲ.

"ನಾವು ನಾಲ್ಕು ಜನ ಡಾಕ್ಟರು ಕೂತು ನಿಮ್ಮ ವಿಷಯ ಚರ್ಚೆ ಮಾಡಿದ್ವಿ. ಕವಾಟ ಗಟ್ಟಿಯಾಗಿಬಿಟ್ಟಿದೆ. ತೆರೆಯೋದೂ ಇಲ್ಲ ಸರಿಯಾಗಿ, ಮುಚ್ಚೋದೂ ಇಲ್ಲ. ಅದರ ಮೂಲಕ ರಕ್ತ ನೂಕಿ ನೂಕಿ ಹೃದಯ ಸೋತುಹೋಗಿದೆ. ಮತ್ತೆ ಎದೆ ತೆರೆಯೋದು ಅಂದ್ರೆ, ಹೃದಯ ಎದೆಮೂಳೆಗೆ ಅಂಟಿಕೊಂಡಿದೆ. ಇಷ್ಟು ಸೋತಿರೋ ಹೃದಯ ಆ ಪೆಟ್ಟು ತಡ್ಕೊಳ್ಳಲ್ಲ. ಮೇಜಿನ ಮೇಲೇ ಏನಾದ್ರೂ ಆಗಬಹುದು."

"ಈಗ ತೊಡೆಯಿಂದ ಏನೋ ಮಾಡ್ತಾರಂತಲ್ಲ," ಎಂದು ಅವನು ನಡುವೆ ಬಾಯಿ ಹಾಕಿದ. ಪೇಪರಿನಲ್ಲಿ ಓದಿದ್ದ.

"ಹೌದು, ತೊಡೆಯ ರಕ್ತನಾಳದಿಂದ ಕಳಿಸಿ ಹಳೇದರ ಒಳಗೇ ಹೊಸದನ್ನ ಕೂರಿಸ್ತೀವಿ. ಅದಕ್ಕೇ ಹಳೇ ಫೈಲು ತರಿಸಿದ್ದು, ಆಗ ಹಾಕಿದ್ದರ ಅಳತೆ ನೋಡೋಕೆ. ಹತ್ತೊಂಬತ್ತು ಮಿಲಿಮೀಟರು. ತುಂಬ ಚಿಕ್ಕದು. ಅದರೊಳಗೆ ಇನ್ನೊಂದು ಕೂರಿಸಿದ್ರೆ ದಾರಿ ಇನ್ನೂ ಇಕ್ಕಟ್ಟಾಗತ್ತೆ, ಉಪಯೋಗ ಇಲ್ಲ. ಹತ್ತು ತಿಂಗಳು, ಒಂದು ವರ್ಷ ಮೊದಲೇ ಬಂದಿದ್ರೆ ಎದೆ ತೆರೆದೇ ದೊಡ್ಡದು ಹಾಕಬಹುದಿತ್ತು. ಆಗ ಹೃದಯಕ್ಕೆ ಶಕ್ತಿ ಇರ್ತಿತ್ತು."

ಅವಳು ಕೈಚೀಲದ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. "ಡಾಕ್ಟ್ರೇ, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದಳು. "ಇಪ್ಪತ್ತು ವರ್ಷ ಬರಬೇಕಿತ್ತಲ್ಲ ಇದು. ಹನ್ನೆರಡಕ್ಕೇ ಹೀಗಾಯ್ತು. ನಮ್ಮದು ಮೂರನೇ ಮಹಡಿ, ಮೆಟ್ಟಿಲು ಜಾಸ್ತಿ ಹತ್ತಿದ್ನೇನೋ. ಹೋಟೆಲಲ್ಲಿ ಉಪ್ಪು ಜಾಸ್ತಿ ಹಾಕಿದ್ದೂ ತಿಂತಿದ್ದೆ. ಅದಕ್ಕೇನಾದ್ರೂ..."

"ಛೆ ಛೆ, ನಿಮ್ಮ ತಪ್ಪು ಏನೇನೂ ಇಲ್ಲ. ಇಪ್ಪತ್ತು ಅಂತ ಯಾರು ಹೇಳಿದ್ರು?" ಡಾಕ್ಟರಮ್ಮ ಫೈಲಿನ ಹಾಳೆ ತಿರುವಿದಳು. ಸಮಾಧಾನ ಮಾಡಬೇಕೆಂಬ ಒಂದೇ ಉದ್ದೇಶ ಅವಳದು. ಅದು ಅವನಿಗೂ ಗೊತ್ತಾಗುತ್ತಿತ್ತು. ಅವನು ಕುರ್ಚಿಯಲ್ಲೇ ಮುಂದಕ್ಕೆ ಸರಿದ, ಏನೋ ಹೇಳಲು, ಹಾಳೆಯ ಮೇಲೆ ಕೈ ಇಡಲು. ಕೈ ಮೇಜಿನ ಅಂಚಿನ ತನಕ ಹೋಗಿ ಅಲ್ಲೇ ನಿಂತಿತು. "ನೋಡಿ, ಆಗಲೇ ಬರೆದಿಟ್ಟಿದ್ದಾರೆ. 'ಈ ವಯಸ್ಸಿನಲ್ಲಿ ಅಂಗಾಂಶದ ಕವಾಟ ಎಂಟರಿಂದ ಹತ್ತು ವರ್ಷ ಬರಬಹುದು, ಆನಂತರ ಮರು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದು ರೋಗಿಯ ಗಂಡನಿಗೆ ವಿವರಿಸಿದೆ. ರೋಗಿಗೆ ತಿಳಿಸಿ ಒಪ್ಪಿಗೆ ಪಡೆದಿರುವುದಾಗಿ ಹೇಳಿದ್ದಾರೆ.' ಹಾಗೆ ನೋಡಿದ್ರೆ ನಿಮ್ಮದು ಎರಡು ವರ್ಷ ಜಾಸ್ತಿನೇ ಬಂದಿದೆ. ನೀವು ಚೆನ್ನಾಗೇ ನೋಡ್ಕೊಂಡಿದ್ದೀರಿ."

ಗೋಡೆಯ ಮೇಲೆ ಹೃದಯದ ದೊಡ್ಡ ಚಿತ್ರವಿತ್ತು, ಕೆಂಪು ನೀಲಿ ಬಣ್ಣಗಳಲ್ಲಿ. ಅವನು ಅದರ ಕೆಳಗೆ ಅಚ್ಚಾದ ಔಷಧಿ ಕಂಪನಿಯ ವಿಳಾಸವನ್ನು ಎರಡು ಸಲ ಓದಿದ. ಹೆಂಡತಿ ತನ್ನ ಕಡೆ ತಿರುಗುತ್ತಾಳೆ, ಈಗ ತಿರುಗುತ್ತಾಳೆ, ಎಂದು ಕುತ್ತಿಗೆಯ ಎಡಭಾಗವೆಲ್ಲ ಬಿಸಿಯಾಯಿತು. ಅವಳು ತಿರುಗಲಿಲ್ಲ. "ಓ," ಎಂದಳು. ಆಮೇಲೆ, ಹೋಟೆಲಿಗೆ ಫೋನು ಮಾಡಿದವರಿಗೆ ಹೇಳುತ್ತಿದ್ದ ಅದೇ ತಿದ್ದಿದ ದನಿಯಲ್ಲಿ, "ಇನ್ನೆಷ್ಟು ದಿನ ಅಂತ ಹೇಳಕ್ಕಾಗತ್ತಾ ಡಾಕ್ಟ್ರೇ?" ಎಂದು ಕೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮಾತ್ರೆಗಳಿಂದ ಉಸಿರಾಟಕ್ಕೆ ಆರಾಮ ಮಾಡಬಹುದು, ತಿಂಗಳುಗಳ ಲೆಕ್ಕ, ನಾಲ್ಕು ಇರಬಹುದು, ಎಂಟೂ ಇರಬಹುದು, ಮೆಟ್ಟಿಲು ಹತ್ತಿಳಿಯುವುದು ಇನ್ನು ಬೇಡವೇ ಬೇಡ, ಎಂದಳು. ಅವಳು ತಲೆಯಾಡಿಸಿ, "ನೇರವಾಗಿ ಹೇಳಿದ್ರಿ. ಒಳ್ಳೇದಾಯ್ತು," ಎಂದು ಎದ್ದಳು. ಅವನು ಎಂದಿನಂತೆ ಕೈಚೀಲಕ್ಕೆ ಕೈಚಾಚಿದ. ಅವಳು ಅದನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಟ್ಯಾಕ್ಸಿಯಲ್ಲಿ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ. ಚಾಲಕ ಕನ್ನಡಿಯಲ್ಲಿ ಅವಳನ್ನು ನೋಡಿ ಕಿಟಕಿ ಇಳಿಸಲಾ ಅಮ್ಮ ಎಂದು ಕೇಳಿದ. ಹೂಂ ಎಂದಳು. ಅವನು ಹನ್ನೆರಡು ವರ್ಷ ಈ ಗಳಿಗೆಗೆ ಮಾತು ಜೋಡಿಸಿಟ್ಟುಕೊಂಡಿದ್ದ. ಸ್ನಾನದ ಮನೆಯಲ್ಲಿ, ಗಿರಾಕಿಯ ಕಣ್ಣಿಗೆ ಗಾಜು ಬದಲಾಯಿಸಿ ಬದಲಾಯಿಸಿ ಇದು ಚೆನ್ನಾಗಿದೆಯಾ ಅದು ಚೆನ್ನಾಗಿದೆಯಾ ಎಂದು ಕೇಳುವಾಗ, ಎಷ್ಟು ಸಲ ಒಳಗೇ ಹೇಳಿ ನೋಡಿದ್ದ. ನಿನಗೋಸ್ಕರವೇ ಮಾಡಿದೆ. ನಿನಗೂ ಮಗು ಬೇಕಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ. ಭಯಪಡಬೇಡ ಎಂದು ಹಾಗೆ ಹೇಳಿದೆ. ಒಂದೊಂದೂ ಅರ್ಧ ನಿಜವಾಗಿತ್ತು. ಈಗ ಬಾಯಿಗೆ ಬಂದದ್ದು, "ಏನಾದ್ರೂ ತಿಂತೀಯಾ? ಬನ್ನು ತರಲಾ?" ಅವಳು ಹೊರಗೆ ನೋಡುತ್ತಲೇ ಬೇಡ ಎಂದು ತಲೆಯಾಡಿಸಿದಳು. ಬೈದುಬಿಡಲಿ ಎಂದು ಅವನು ಬಯಸಿದ. ಚಾಲಕನ ಎದುರಿಗೇ ಕಿರುಚಲಿ, ಕೆನ್ನೆಗೆ ಹೊಡೆಯಲಿ. ಆಮೇಲೆ ಅವಳಿಗೆ ಕಿರುಚುವಷ್ಟು ಉಸಿರಿಲ್ಲ ಎಂಬುದು ನೆನಪಾಗಿ, ಬೈಯಿಸಿಕೊಳ್ಳುವ ಸುಖವೂ ತನಗೆ ದಕ್ಕದ ಹಾಗೆ ತಾನೇ ಮಾಡಿಕೊಂಡಿದ್ದೇನೆ ಅನ್ನಿಸಿತು.

ಮನೆಯ ಮೆಟ್ಟಿಲ ಬುಡದಲ್ಲಿ ಅವಳು ನಿಂತು ಮೇಲೆ ನೋಡಿದಳು. ಹತ್ತದೆ ಬೇರೆ ದಾರಿಯಿರಲಿಲ್ಲ. ಮೊದಲನೆಯ ಮಹಡಿಯ ತನಕ ಕಟಕಟೆ ಹಿಡಿದು ತಾನೇ ಹತ್ತಿದಳು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ. ಅಲ್ಲಿಂದ ಮುಂದೆ ಆಗಲಿಲ್ಲ. ಮೆಟ್ಟಿಲ ಮೇಲೇ ಕೂತಳು. ತುಟಿಯ ಬಣ್ಣ ನೀಲಿಗೆ ತಿರುಗಿತ್ತು. ಅವನು ಎರಡು ಮೆಟ್ಟಿಲು ಕೆಳಗೆ ನಿಂತ. ಉಸಿರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಅವಳೇ ಮಾತೆತ್ತಿದಳು, ತುಂಡು ತುಂಡಾಗಿ, ಪ್ರತಿ ತುಂಡಿನ ನಡುವೆ ಉಸಿರಿಗೆ ಜಾಗ ಬಿಟ್ಟು.

"ಮಗು ಬೇಕು ಅಂತ ಹೇಳಿದ್ದಿದ್ರೆ, ಎಂಟೇ ವರ್ಷ ಅಂದಿದ್ರೂ ಒಪ್ತಿದ್ನೇನೋ. ಗೊತ್ತಿಲ್ಲ. ಅದನ್ನ ಬಿಡಿ."

"ತಪ್ಪಾಯ್ತು," ಎಂದ ಅವನು. ಆ ಶಬ್ದ ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ.

"ಅದಲ್ಲ ನಾನು ಹೇಳ್ತಿರೋದು." ಅವಳು ಕಣ್ಣು ಮುಚ್ಚಿಕೊಂಡಳು. "ಎರಡನೇದೂ ಹೋಯ್ತಲ್ಲ. ಆವಾಗ ನೀವು ಒಂದು ವರ್ಷ ನನ್ನ ಹತ್ರ ಸರಿಯಾಗಿ ಮಾತೇ ಆಡಲಿಲ್ಲ. ಆ ಮೂಲೆಗೆ ಡಬ್ಬಿ ತಂದು ತಂದು ಇಟ್ರಿ. ಆವಾಗ ನಾನು ನಿಮ್ಮನ್ನ ಬಿಟ್ಟು ಹೋಗೋಣ ಅಂತ ಅಂದ್ಕೊಂಡೆ. ತಂಗಿಗೂ ಹೇಳಿದ್ದೆ. ಬಾ ಅಂದಿದ್ಲು. ಬಟ್ಟೆ ಕೂಡ ಬೇರೆ ಮಾಡಿಟ್ಟಿದ್ದೆ." ಉಸಿರು. "ಆಮೇಲೆ ಯೋಚನೆ ಮಾಡ್ದೆ. ಅವಸರ ಯಾಕೆ. ಇನ್ನೂ ಹದಿನಾರು ವರ್ಷ ಇದೆ. ಇವರೂ ಸರಿ ಹೋಗಬಹುದು, ಇನ್ನೂ ಸ್ವಲ್ಪ ನೋಡೋಣ. ಹೋಗೋದಿದ್ರೆ ಯಾವಾಗ ಬೇಕಾದ್ರೂ ಹೋಗಬಹುದಲ್ಲ ಅಂತ."

ಕೆಳಗೆ ದರ್ಜಿಯ ಯಂತ್ರ ನಿಂತಿತು. ಅವನು ಕೇಳಿಸಿಕೊಳ್ಳುತ್ತಿದ್ದಾನೋ, ದಾರ ಪೋಣಿಸುತ್ತಿದ್ದಾನೋ. "ಎಂಟರಲ್ಲಿ ನಾಲ್ಕೇ ವರ್ಷ ಉಳಿದಿದೆ ಅಂತ ಗೊತ್ತಿದ್ದಿದ್ರೆ," ಎಂದಳು ಅವಳು, "ನೋಡ್ತಾ ಕೂರ್ತಿರಲಿಲ್ಲ."

ಅವನು ಗೋಡೆಗೆ ಒರಗಿಕೊಂಡ. ತಾನು ಕದ್ದದ್ದು ಏನೆಂದು ತನಗೆ ಗೊತ್ತಿದೆಯೆಂದು ಇಷ್ಟು ವರ್ಷ ಅವನು ಭಾವಿಸಿದ್ದ. ಒಂದು ಕವಾಟದ ಆಯ್ಕೆ. ಇನ್ನೊಂದು ಶಸ್ತ್ರಚಿಕಿತ್ಸೆಯ ನೋವು. ಅಷ್ಟನ್ನು ಅವನು ತನ್ನ ಹೆಸರಿಗೆ ಬರೆದುಕೊಂಡು ಹೇಗೋ ಬದುಕಿದ್ದ. ಆ ಸಂಖ್ಯೆ ಅವಳ ಒಂದೊಂದು ದಿನದ ಒಳಗೂ ಹೋಗಿ ಕೂತಿತ್ತು, ಪ್ರತಿ ಬೆಳಿಗ್ಗೆ ಅವಳಿಗೆ "ಇರಲಿ ಬಿಡು, ಇನ್ನೂ ಇದೆ" ಎಂದು ಹೇಳಿ ಕೂರಿಸಿತ್ತು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಕಳೆದ ಎಂಟು ವರ್ಷ ಅವಳು ತನ್ನ ಜೊತೆ ಇದ್ದದ್ದನ್ನು ಅವನು ಪ್ರೀತಿ ಎಂದುಕೊಂಡಿದ್ದ. ಕ್ಷಮೆ ಎಂದೂ ಒಂದೊಂದು ಸಲ. ಅದು ಎರಡೂ ಅಲ್ಲದೆ ಬರೀ ಮುಂದೂಡಿದ್ದಾಗಿತ್ತು. "ಎಬ್ಬಿಸಿ," ಎಂದಳು ಅವಳು. ಅವನು ಅವಳ ಕಂಕುಳ ಕೆಳಗೆ ಕೈ ಕೊಟ್ಟು ಎತ್ತಿದ. ಅವಳ ಕೈ ಅವನ ಭುಜದ ಮೇಲೆ ಬಿತ್ತು, ಕಟಕಟೆಯ ಮೇಲೆ ಬೀಳುವ ಹಾಗೆ. ಅವನ ಹೊರತು ಆ ಹೊತ್ತಿಗೆ ಅಲ್ಲಿ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಅವಳ ತಂಗಿ ಮರುದಿನವೇ ಫೋನು ಮಾಡಿದಳು. ಅಕ್ಕನೇ ತಿಳಿಸಿರಬೇಕು. ತಂಗಿಯದು ನೆಲಮಟ್ಟದ ಮನೆ, ಹಿಂದೆ ಸಣ್ಣ ಅಂಗಳ, ಮೆಟ್ಟಿಲಿಲ್ಲ. ಊರಿನ ಆ ತುದಿಯಲ್ಲಿ. ಭಾನುವಾರ ಗಾಡಿ ತರುತ್ತೇನೆ ಎಂದಳು. ಆ ನಾಲ್ಕು ದಿನ ಮನೆಯಲ್ಲಿ ಜಗಳವಿರಲಿಲ್ಲ. ಮಾತ್ರೆ ಯಾವಾಗ, ನೀರು ಬಿಸಿಯಿದೆಯೇ, ಆ ನೀಲಿ ಸ್ವೆಟರು ಎಲ್ಲಿ, ಇಷ್ಟೇ ಮಾತು. ಪ್ರತಿಯೊಂದಕ್ಕೂ ಅವಳು ಕೊನೆಯಲ್ಲಿ "ಥ್ಯಾಂಕ್ಸ್" ಎನ್ನುತ್ತಿದ್ದಳು, ಮದುವೆಯಾದ ಹದಿನಾರು ವರ್ಷದಲ್ಲಿ ಒಮ್ಮೆಯೂ ಅನ್ನದಿದ್ದವಳು. ಅವನು ಹಾಸಿಗೆಯನ್ನು ಹೊರಗಿನ ಕೋಣೆಗೆ ತಂದುಕೊಂಡ. ಬೇಡ ಎಂದು ಅವಳು ಹೇಳಲಿಲ್ಲ. ಶನಿವಾರ ಅವನು ಮೂಲೆಯ ಫ್ರೇಮಿನ ಪೆಟ್ಟಿಗೆಗಳನ್ನೆಲ್ಲ ಅಂಗಡಿಗೆ ಸಾಗಿಸಿದ. ಖಾಲಿಯಾದ ಮೂಲೆಯನ್ನು ಅವಳು ನೋಡಿ, "ಈಗ ಯಾಕೆ?" ಎಂದಳು. ಅಷ್ಟೇ ಕೇಳಿದ್ದು.

ಭಾನುವಾರ ಬೆಳಿಗ್ಗೆ ಅವಳನ್ನು ಕೆಳಗಿಳಿಸುವುದು ಹೇಗೆಂದು ಪ್ರಶ್ನೆಯಾಯಿತು. ಇಳಿಯುವುದರಲ್ಲಿ ಗಟ್ಟಿಯೆಂದು ಅವಳು ಇನ್ನು ಹೇಳುವಂತಿರಲಿಲ್ಲ; ಬಚ್ಚಲಿಗೆ ಹೋಗಿ ಬಂದರೂ ಅರ್ಧ ಗಂಟೆ ಒರಗಬೇಕಿತ್ತು. ದರ್ಜಿ ತಾನಾಗಿಯೇ ಮೇಲೆ ಬಂದ. "ಮೇಷ್ಟ್ರೇ, ಒಂದು ಕುರ್ಚಿ ತನ್ನಿ, ಕೈಯಿರೋದು. ನಾನು ಹಿಂದಿನಿಂದ ಒರಗು ಹಿಡೀತೀನಿ, ನೀವು ಮುಂದಿನ ಕಾಲು ಹಿಡ್ಕೊಂಡು ಹಿಂದೆ ಹಿಂದೆ ಇಳೀರಿ. ನಮ್ಮ ಅಮ್ಮನ್ನ ಹೀಗೇ ಇಳಿಸಿದ್ದು ನಾನು," ಎಂದ. ಆಮೇಲೆ, ಇಳಿಸಿದ್ದು ಯಾವ ಕಾರಣಕ್ಕೆ ಎಂಬುದು ನೆನಪಾಗಿ ಕೆಮ್ಮಿದ. ಅವಳು ಕುರ್ಚಿಯಲ್ಲಿ ಕೂತಳು, ಕೈಚೀಲ ತೊಡೆಯ ಮೇಲೆ. ಅವನು ಮುಂದಿನ ಎರಡು ಕಾಲುಗಳನ್ನು ಹಿಡಿದೆತ್ತಿದ. ಅವಳ ಮುಖ ಅವನ ಮುಖದಿಂದ ಒಂದು ಮೊಳದ ದೂರದಲ್ಲಿತ್ತು. ಅವನಿಗೆ ಹಿಂದಿನ ಮೆಟ್ಟಿಲು ಕಾಣುವಂತಿರಲಿಲ್ಲ. ಕಾಲನ್ನು ಗಾಳಿಯಲ್ಲಿ ಆಡಿಸಿ ಹುಡುಕಬೇಕಿತ್ತು. ಅವಳು ಅವನ ಭುಜದ ಆಚೆ ನೋಡುತ್ತ ಹೇಳತೊಡಗಿದಳು: "ಹೂಂ, ಇಲ್ಲಿದೆ. ಇನ್ನೊಂದು. ಇನ್ನೊಂದು ಇದೆ. ನಿಲ್ಲಿ, ತಿರುವು ಬಂತು. ಬಲಗಡೆ. ಇನ್ನೊಂದು." ಸಣ್ಣ ದನಿ, ಆದರೆ ಸ್ಪಷ್ಟ, ತಾಳ್ಮೆಯದು, ಎಲ್ಲಿಂದಲೋ ಫೋನು ಮಾಡಿದ ಗುರುತಿಲ್ಲದವನನ್ನು ಅವನಿಗೆ ಬೇಕಾದ ಕೋಣೆಗೆ ಮುಟ್ಟಿಸುವವಳ ಹಾಗೆ. ಅವನು ಅವಳ ಮಾತನ್ನೇ ನಂಬಿ ಒಂದೊಂದು ಹೆಜ್ಜೆ ಹಿಂದಕ್ಕೆ ಇಟ್ಟ. ಎಲ್ಲೂ ಅವಳು ತಪ್ಪು ಹೇಳಲಿಲ್ಲ. "ಅಷ್ಟೇ. ನೆಲ ಬಂತು," ಎಂದಳು.

ತಂಗಿ ಗಾಡಿಯ ಬಾಗಿಲು ತೆಗೆದು ನಿಂತಿದ್ದಳು. ಅವಳನ್ನು ಒಳಗೆ ಕೂರಿಸಿ, ಕಾಲು ಎತ್ತಿಟ್ಟು, ಬೆನ್ನಿಗೆ ದಿಂಬು ಕೊಟ್ಟದ್ದಾಯಿತು. "ಮುಂದೆ ಜಾಗ ಇದೆ ಭಾವ, ಬನ್ನಿ," ಎಂದಳು ತಂಗಿ, ಅವನ ಮುಖ ನೋಡಲಾರದೆ. ಅವನು ಬಾಗಿಲಿಗೆ ಕೈ ಹಾಕಿದ.

"ಬೇಡ," ಎಂದಳು ಅವಳು ಒಳಗಿನಿಂದ. "ಅವರಿಗೆ ಅಂಗಡಿ ಇದೆ."

ಭಾನುವಾರ ಅಂಗಡಿ ಇರುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು. ಅವನು ಕೈ ತೆಗೆದ. ತಂಗಿಯ ಮನೆಯಲ್ಲಿ ಅವಳು ಇನ್ನು ಐದು ತಿಂಗಳು ಇರುವವಳಿದ್ದಳು. ಅವನು ವಾರಕ್ಕೊಮ್ಮೆ ಹೋಗಿ ಅಂಗಳದ ಬಾಗಿಲ ಹತ್ತಿರ ಕೂತು ಬರುವವನಿದ್ದ. ಅವಳು ಯಾರೋ ಸಭ್ಯ ನೆಂಟರೊಡನೆ ಮಾತಾಡುವ ಹಾಗೆ ವ್ಯಾಪಾರ ಹೇಗಿದೆ ಎಂದು ಕೇಳುವವಳಿದ್ದಳು. ಕೊನೆಯ ಬೆಳಿಗ್ಗೆ ಸುದ್ದಿ ಫೋನಿನಲ್ಲಿ ಬರುವುದಿತ್ತು, ಅವನು ಅಕ್ಷರದ ಬೋರ್ಡಿನ ಮುಂದೆ ಒಬ್ಬ ಹೆಂಗಸನ್ನು ನಿಲ್ಲಿಸಿ ಕೊನೆಯ ಸಾಲು ಓದಿ ಎನ್ನುತ್ತಿದ್ದಾಗ. ಈಗ ಗಾಡಿ ಹೊರಟಿತು. ಹಿಂದಿನ ಗಾಜಿನಲ್ಲಿ ಅವಳ ತಲೆಯ ಹಿಂಭಾಗ ಸ್ವಲ್ಪ ಹೊತ್ತು ಕಂಡಿತು. ದರ್ಜಿ ಬೆವರೊರೆಸಿಕೊಂಡು, ಕುರ್ಚಿ ನಾನು ಮೇಲೆ ತಂದಿಡಲಾ ಎಂದು ಕೇಳಿ, ಅವನು ಬೇಡವೆಂದು ಕೈಯಾಡಿಸಿದ ಮೇಲೆ ಒಳಗೆ ಹೋದ. ಕುರ್ಚಿ ಪಾದಚಾರಿ ದಾರಿಯ ನಡುಮಧ್ಯೆ, ರಸ್ತೆಗೆ ಮುಖ ಮಾಡಿ ನಿಂತಿತ್ತು. ಜನ ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ತರಕಾರಿ ಚೀಲ ಹೊತ್ತ ಮುದುಕಿಯೊಬ್ಬಳು ಬಳಸಲಾರದೆ ನಿಂತು, ಅವನನ್ನು ನೋಡಿ, "ಈ ಕುರ್ಚಿ ಯಾರದಪ್ಪ? ದಾರಿಗೆ ಅಡ್ಡ ಇಟ್ಟಿದ್ದಾರಲ್ಲ," ಎಂದಳು.

"ನನ್ನದೇ," ಎಂದು ಅವನು ಅದನ್ನು ಎತ್ತಿಕೊಂಡ.